ಟ್ರಾಮ್ ಡಿಪೊದ ಮೇಲಿನ ವಠಾರ: ಜ್ಯೂರಿಚ್‌ನ ಕಲ್ಕ್‌ಬ್ರೈಟೆ

ವಾಸದ ಮನೆಯೂ ದುಡಿಮೆಯ ಜಾಗವೂ ಒಂದೇ ಸೂರಿನಡಿ ಇರುವುದು ವಾಸ್ತುಶಿಲ್ಪಕ್ಕೆ ಹೊಸದಲ್ಲ. ಆದರೆ ಅದನ್ನು ಇಂಧನದ ಮಿತಬಳಕೆಯೊಂದಿಗೆ, ಕೈಗೆಟಕುವ ಬಾಡಿಗೆಯೊಂದಿಗೆ ಹೊಂದಿಸಿ, ಭೂಮಿಯ ಬೆಲೆ ಗಗನಕ್ಕೇರಿರುವ ನಗರದ ನಡುವೆಯೇ ಕಟ್ಟಿ ತೋರಿಸಿದ ನಿದರ್ಶನಗಳು ವಿರಳ. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ 2014ರಲ್ಲಿ ಪೂರ್ಣಗೊಂಡ ಕಲ್ಕ್‌ಬ್ರೈಟೆ ಅಂಥದೊಂದು ಕಟ್ಟಡ. 2007ರಲ್ಲಿ ಸ್ಥಾಪನೆಯಾದ ಇದೇ ಹೆಸರಿನ ಸಹಕಾರ ಸಂಘವು ನಗರಾಡಳಿತದಿಂದ ದೀರ್ಘಾವಧಿ ಗುತ್ತಿಗೆಗೆ ಪಡೆದ ಜಾಗದಲ್ಲಿ, ಮ್ಯುಲರ್ ಸಿಗ್ರಿಸ್ಟ್ ವಾಸ್ತುಶಿಲ್ಪಿಗಳ ವಿನ್ಯಾಸದಂತೆ ಇದನ್ನು ಕಟ್ಟಿಸಿತು. ಸುಮಾರು 250 ಜನ ಇಲ್ಲಿ ವಾಸಿಸುತ್ತಾರೆ, ಸುಮಾರು 200 ಜನ ದುಡಿಯುತ್ತಾರೆ.

ಎರಡು ರಸ್ತೆಗಳು ಮತ್ತು ಒಂದು ರೈಲುಮಾರ್ಗದ ನಡುವೆ ಸಿಕ್ಕಿಕೊಂಡ ಈ ಮುಮ್ಮೂಲೆ ನೆಲದಲ್ಲಿ ಮೊದಲಿನಿಂದಲೂ ಟ್ರಾಮ್‌ಗಳು ತಂಗುತ್ತಿದ್ದವು. ಮನೆ ಕಟ್ಟಲು ಒದಗದ ಜಾಗವೆಂದು ಯಾರಾದರೂ ಕೈಬಿಡಬಹುದಾಗಿದ್ದ ಈ ನೆಲದಲ್ಲಿ ಡಿಪೊವನ್ನು ಇದ್ದಲ್ಲೇ ಉಳಿಸಿಕೊಂಡು, ಅದಕ್ಕೆ ಚಾವಣಿ ಹೊದಿಸಿ, ಆ ಚಾವಣಿಯನ್ನೇ ಅಂಗಳವಾಗಿಸಿ, ಅದರ ಸುತ್ತ ಮನೆಗಳನ್ನು ಏರಿಸಿದ್ದು ವಿನ್ಯಾಸದ ಮೂಲ ನಿರ್ಧಾರ. ರಸ್ತೆಯಿಂದ ಅಗಲವಾದ ಮೆಟ್ಟಿಲುಗಳನ್ನು ಹತ್ತಿ ಸುಮಾರು 9 ಮೀಟರ್ ಮೇಲೆ ಬಂದರೆ ತೆರೆದುಕೊಳ್ಳುವ ಈ ಅಂಗಳಕ್ಕೆ ನಿವಾಸಿಗಳಲ್ಲದವರೂ ಬರಬಹುದು. ಮಕ್ಕಳು ಆಡುವ ನೆಲದ ಕೆಳಗೆ ಟ್ರಾಮ್‌ಗಳು ಬಂದು ನಿಲ್ಲುತ್ತವೆ. ವಾಹನಗಳ ಸದ್ದು ಹೆಚ್ಚಿರುವ ಕೆಳ ಅಂತಸ್ತುಗಳನ್ನು ದುಡಿಮೆಗೆ ಬಿಟ್ಟು, ಮನೆಗಳನ್ನು ಮೇಲಕ್ಕೆ ಒಯ್ದಿರುವುದರಲ್ಲಿ ಸರಳವಾದ ಜಾಣತನವಿದೆ. ಐದು ಪುಟ್ಟ ತೆರೆಗಳ ಚಿತ್ರಮಂದಿರ, ಹೋಟೆಲು, ಅಂಗಡಿಗಳು, ಒಂದು ಹೆರಿಗೆ ಮನೆ, ಗ್ರೀನ್‌ಪೀಸ್ ಸಂಸ್ಥೆಯ ಸ್ವಿಸ್ ಕಚೇರಿ ಇಲ್ಲಿ ನೆಲೆ ಕಂಡಿವೆ.

ಅಂತರ್ಜಲದ ಉಷ್ಣವನ್ನು ಎತ್ತಿ ಮನೆ ಬೆಚ್ಚಗಿಡುವ ಹೀಟ್ ಪಂಪ್, ಚಾವಣಿಯ ಸೌರಫಲಕ, ದಪ್ಪ ಶಾಖನಿರೋಧಕ ಗೋಡೆಗಳೆಲ್ಲ ಇಲ್ಲಿವೆ. ಇಂದು ಅವು ಹಣವಿದ್ದವರು ಕೊಳ್ಳಬಹುದಾದ ಸಾಮಗ್ರಿಗಳು. ಕಲ್ಕ್‌ಬ್ರೈಟೆಯ ವಿಶೇಷವಿರುವುದು ಜಾಗದ ಲೆಕ್ಕದಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ತಲೆಗೆ ಸರಾಸರಿ ಸುಮಾರು 45 ಚದರ ಮೀಟರ್ ವಾಸದ ಜಾಗ ಬಳಕೆಯಾಗುತ್ತಿದ್ದರೆ, ಇಲ್ಲಿ ಅದು ಹಂಚಿಕೊಂಡ ಜಾಗವೂ ಸೇರಿ ಸುಮಾರು 33 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ 355 ಚದರಡಿ. ಪ್ರತಿಯೊಬ್ಬರ ಬಳಕೆಯನ್ನು ಸತತ 2000 ವಾಟ್‌ಗೆ, ಎಂದರೆ ದಿನಕ್ಕೆ 48 ಯೂನಿಟ್ಟಿಗೆ ಸಮನಾದ ಒಟ್ಟು ಶಕ್ತಿಗೆ ಇಳಿಸಬೇಕೆಂಬ ಗುರಿಯನ್ನು ಜ್ಯೂರಿಚ್‌ನ ಮತದಾರರು 2008ರಲ್ಲಿ ಒಪ್ಪಿದ್ದರು. ಕಟ್ಟದೆ ಉಳಿದ ಕೋಣೆಗೆ ಸಿಮೆಂಟೂ ಬೇಡ, ಶಾಖವೂ ಬೇಡ ಎಂಬುದನ್ನು ನೆನೆದರೆ, ಆ ಗುರಿಯತ್ತ ಸಾಗಲು ಯಾವ ಯಂತ್ರಕ್ಕಿಂತಲೂ ಹೆಚ್ಚು ನೆರವಾಗುವುದು ಈ ಹನ್ನೆರಡು ಚದರ ಮೀಟರ್‌ಗಳ ಉಳಿತಾಯವೇ.

ಹಾಗೆಂದು ಬದುಕು ಇಕ್ಕಟ್ಟಾಗದಂತೆ ನೋಡಿಕೊಂಡಿರುವುದೇ ವಿನ್ಯಾಸದ ಕೌಶಲ. ಸ್ನಾನದ ಕೋಣೆ ಮತ್ತು ಚಿಕ್ಕ ಒಲೆಯಿರುವ ಹಲವು ಪುಟ್ಟ ಮನೆಗಳು ಒಂದು ದೊಡ್ಡ ಅಡುಗೆಮನೆಯನ್ನೂ ಪಡಸಾಲೆಯನ್ನೂ ಹಂಚಿಕೊಳ್ಳುವ ವ್ಯವಸ್ಥೆಗೆ ಇಲ್ಲಿ ಕ್ಲಸ್ಟರ್ ಎಂದು ಹೆಸರು. ಮಗ ಬೆಳೆದು ಪ್ರತ್ಯೇಕ ಕೋಣೆ ಬೇಕೆಂದಾಗ ದೊಡ್ಡ ಮನೆ ಹುಡುಕುವ ಬದಲು ಅದೇ ಕಟ್ಟಡದಲ್ಲಿ ಕೆಲವು ತಿಂಗಳಿಗೋ ವರ್ಷಕ್ಕೋ ಬಾಡಿಗೆಗೆ ಪಡೆಯಬಹುದಾದ ಬಿಡಿಕೋಣೆಯನ್ನು ಜೋಕರ್ ಎನ್ನುತ್ತಾರೆ. ಇಸ್ಪೀಟಿನಲ್ಲಿ ಯಾವ ಎಲೆಯ ಜಾಗಕ್ಕಾದರೂ ಕೂರುವ ಜೋಕರಿನಂತೆ ಅದು ಯಾರ ಸಂಸಾರಕ್ಕಾದರೂ ಸೇರಿಕೊಳ್ಳುತ್ತದೆ. ಮನೆಯೊಳಗೊಂದು ಕಚೇರಿ ಕೋಣೆ ಕಟ್ಟಿಕೊಂಡು ಅರ್ಧ ದಿನ ಖಾಲಿ ಬಿಡುವ ದುಂದನ್ನು ಹಂಚಿಕೊಂಡ ಕೆಲಸದ ಕೋಣೆಗಳೂ ಸಭಾಕೋಣೆಗಳೂ ತಪ್ಪಿಸುತ್ತವೆ. ಸುಮಾರು 50 ಜನ ಕೂಡಿ ಅಡುಗೆಯವರನ್ನು ನೇಮಿಸಿಕೊಂಡು ವಾರದ ದಿನಗಳ ರಾತ್ರಿಯೂಟವನ್ನು ಒಟ್ಟಿಗೆ ಮಾಡುತ್ತಾರೆ. ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲವೆಂದು ನಿವಾಸಿಗಳು ಒಪ್ಪಿರುವುದರಿಂದ ಕಾರಿಗೆ ಹೋಗಬಹುದಾಗಿದ್ದ ನೆಲ ಸುಮಾರು 300 ಸೈಕಲ್ಲುಗಳಿಗೂ ಮನುಷ್ಯರಿಗೂ ದಕ್ಕಿದೆ. ಹಳೆಯ ಬೆಂಗಳೂರು, ಮೈಸೂರುಗಳ ವಠಾರಗಳನ್ನು ಬಲ್ಲವರಿಗೆ ಇದರಲ್ಲಿ ಪರಿಚಿತವಾದದ್ದೇನೋ ಕಾಣಬಹುದು. ಆದರೆ ವಠಾರದಲ್ಲಿ ನಲ್ಲಿಯನ್ನೂ ಬಚ್ಚಲನ್ನೂ ಹಂಚಿಕೊಂಡದ್ದು ಬೇರೆ ದಾರಿಯಿಲ್ಲದೆ, ಇಲ್ಲಿಯಾದರೋ ಬಚ್ಚಲನ್ನು ಖಾಸಗಿಯಾಗಿ ಉಳಿಸಿಕೊಂಡು ಪಡಸಾಲೆಯನ್ನು ಹಂಚಿಕೊಳ್ಳಲಾಗಿದೆ. ಯಾವುದನ್ನು ಹಂಚಬಹುದು, ಯಾವುದನ್ನು ಹಂಚಬಾರದು ಎಂಬ ಈ ವಿವೇಕಕ್ಕೆ ಪೂರ್ಣ ಅಂಕ ಸಲ್ಲಬೇಕು.

ಕೊರತೆಗಳೂ ಇವೆ. ದುಡಿಯಲು ಬರುವವರೂ ಅಲ್ಲಿಯೇ ವಾಸಿಸುವವರೂ ಒಂದೇ ಆಗಿರಬೇಕೆಂಬ ನಿಯಮವಿಲ್ಲದಿರುವುದರಿಂದ, ಮನೆ ಮತ್ತು ಕೆಲಸ ಒಂದೆಡೆ ಸೇರಿದ ಮಾತ್ರಕ್ಕೆ ಓಡಾಟ ತಪ್ಪಿತೆಂದು ಹೇಳಲಾಗದು. ಇಂಥ ಬೆರಕೆಯಿಂದ ಸಿಗುವ ಲಾಭ ಹಗಲೂ ರಾತ್ರಿಯೂ ಜೀವಂತವಾಗಿರುವ ಬೀದಿ, ಅಷ್ಟೇ. ಸಂಘಕ್ಕೆ ಷೇರು ಹಣ ಕಟ್ಟಬೇಕು, ಸಭೆಗಳಿಗೆ ಸಮಯ ಕೊಡಬೇಕು. ಇವೆರಡೂ ಇರುವ ಓದಿದ ಮಧ್ಯಮವರ್ಗಕ್ಕೆ ಈ ಬಾಗಿಲು ಸುಲಭವಾಗಿ ತೆರೆಯುತ್ತದೆ. ಎರಡು ಪಾಳಿ ದುಡಿಯುವ ವಲಸೆ ಕಾರ್ಮಿಕರಿಗೆ ಅಷ್ಟು ಸುಲಭವಲ್ಲ. ಸಹಬಾಳ್ವೆಯ ಹೆಸರಿನಲ್ಲಿ ಕಟ್ಟಿದ ಮನೆಗೆ ಇದು ಸಣ್ಣ ದೋಷವಲ್ಲ.

ಇದನ್ನು ಬೇರೆಡೆ ನಕಲು ಮಾಡಹೊರಟವರು ಮೊದಲು ನೋಡಬೇಕಾದದ್ದು ಮಾಲೀಕತ್ವವನ್ನು. ಕರ್ನಾಟಕದ ಗೃಹ ನಿರ್ಮಾಣ ಸಹಕಾರ ಸಂಘಗಳು ಸಾಮಾನ್ಯವಾಗಿ ನಿವೇಶನ ಹಂಚುತ್ತವೆ. ನೋಂದಣಿಯಾದ ಮೇಲೆ ಅದು ಸದಸ್ಯರ ಖಾಸಗಿ ಆಸ್ತಿಯಾಗಿ, ಒಂದಲ್ಲ ಒಂದು ದಿನ ಮಾರುಕಟ್ಟೆಯ ಬೆಲೆಗೆ ಬಿಕರಿಯಾಗುತ್ತದೆ. ಕಲ್ಕ್‌ಬ್ರೈಟೆಯಲ್ಲಿ ಯಾರಿಗೂ ಮನೆ ಮಾರುವ ಹಕ್ಕಿಲ್ಲ. ಸಂಘವೇ ಒಡೆಯ, ಸದಸ್ಯರು ಬಾಡಿಗೆದಾರರು, ಕಟ್ಟಿದ ಮತ್ತು ನಿರ್ವಹಿಸಿದ ಖರ್ಚಿನಷ್ಟೇ ಬಾಡಿಗೆ. ನಗರದ ಬಾಡಿಗೆ ಮನೆಗಳಲ್ಲಿ ಮೂರನೆಯ ಒಂದು ಭಾಗ 2050ರ ಹೊತ್ತಿಗೆ ಹೀಗೆ ಲಾಭರಹಿತವಾಗಿರಬೇಕೆಂದು ಜ್ಯೂರಿಚ್‌ನ ಜನ 2011ರಲ್ಲಿ ಮತ ಹಾಕಿ ತೀರ್ಮಾನಿಸಿದ್ದಾರೆ. ಕಲ್ಕ್‌ಬ್ರೈಟೆಯ ಕೆಳಗಿನ ನೆಲ ಗುತ್ತಿಗೆಯದು. ಅದು ಇಂದಿಗೂ ನಗರದ ಆಸ್ತಿ.