ಪಾರ್ಕಿನ ಅಭಿವೃದ್ಧಿ ನೆಲದಿಂದ ಶುರುವಾಗಲಿ

ಪಾರ್ಕ್ ಅಭಿವೃದ್ಧಿ ಎಂದರೆ ಏನೇನು ನಡೆಯುತ್ತದೆ ಎಂಬುದು ಬೆಂಗಳೂರಿನ ಬಡಾವಣೆಗಳವರಿಗೆ ಬಾಯಿಪಾಠ. ಸುತ್ತ ಗ್ರಿಲ್ಲು, ಒಳಗೆ ಪೇವರ್ ಬ್ಲಾಕಿನ ವಾಕಿಂಗ್ ಪಾತ್, ಮೂಲೆಯಲ್ಲಿ ಓಪನ್ ಜಿಮ್, ಗೇಟಿನ ಪಕ್ಕ ನಾಮಫಲಕ. ಇವೆಲ್ಲ ಇರಲಿ. ಆದರೆ ನೆಲದ ಗುಣವನ್ನೂ ಬಂದುಹೋಗುವ ಜನರನ್ನೂ ಗಮನಿಸದೆ ತಯಾರಾಗುವ ಯೋಜನೆ ಬರಿಯ ಕಾಮಗಾರಿ ಪಟ್ಟಿಯಾಗಿ ಉಳಿಯುತ್ತದೆ.

ಬ್ಲಾಕು ಹಾಸಿದ ಹಾದಿಯ ಪಕ್ಕದ ಹೊಂಗೆಮರದ ಬುಡವನ್ನು ಒಮ್ಮೆ ನೋಡಿ. ಕಾಂಡಕ್ಕೆ ತಾಗಿಕೊಂಡೇ ಸಿಮೆಂಟು. ಬೇರು ಉಬ್ಬಿ ಬ್ಲಾಕುಗಳು ಎದ್ದಿರುತ್ತವೆ. ಮಳೆನೀರು ಇಂಗಲು ಜಾಗವಿಲ್ಲದೆ ಹಾದಿಯ ಮೇಲೇ ನಿಂತಿರುತ್ತದೆ. ಎಡವಿದವರು ದೂರು ಕೊಟ್ಟರೆ ಮತ್ತೆ ಅದೇ ಬ್ಲಾಕು, ಮತ್ತೆ ಅದೇ ಖರ್ಚು. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯಲ್ಲಿ ಆದೇಶಿಸಿತ್ತು. ನಮ್ಮ ಪ್ರತಿ ಎಸ್ಟಿಮೇಟ್‌ನಲ್ಲೂ ಅದು ಮೊದಲ ಸಾಲಾಗಬೇಕು. ಗಾಲಿಕುರ್ಚಿಯವರಿಗೆ, ವಯಸ್ಸಾದವರಿಗೆ ಗಟ್ಟಿಯಾದ ಒಂದು ಹಾದಿ ಸಾಕು. ಮಿಕ್ಕದ್ದು ಮಣ್ಣಾಗಿಯೇ ಇರಲಿ.

ಜನರ ವಿಷಯದಲ್ಲಿ ಗೇಟೇ ದೊಡ್ಡ ಪರೀಕ್ಷೆ. ವರ್ಷಗಟ್ಟಲೆ ನಮ್ಮ ಪಾರ್ಕುಗಳು ಬೆಳಗಿನ ಮತ್ತು ಸಂಜೆಯ ವಾಕಿಂಗ್‌ನವರಿಗಷ್ಟೇ ತೆರೆದಿದ್ದವು. ನಡುಹಗಲಲ್ಲಿ ಪೌರಕಾರ್ಮಿಕರು ಬೀಗ ಹಾಕಿದ ಗೇಟಿನ ಹೊರಗೆ, ಫುಟ್‌ಪಾತಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಪಾಲಿಕೆಯ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ 2024ರ ತೀರ್ಮಾನ ಆ ಕಾರಣಕ್ಕೇ ಯಾವ ಕಾರಂಜಿಗಿಂತಲೂ ದೊಡ್ಡ ಸುಧಾರಣೆ. ಅದು ಪೂರ್ತಿ ಫಲಿಸಬೇಕಾದರೆ ದೀಪ, ಶುಚಿಯಾದ ಶೌಚಾಲಯ, ಕುಡಿಯುವ ನೀರು ಜೊತೆಗಿರಬೇಕು. ಅವಿಲ್ಲದಿದ್ದರೆ ಕತ್ತಲಾದ ಮೇಲೆ ಹೆಣ್ಣುಮಕ್ಕಳು ಒಳಗೆ ಬರುವುದಿಲ್ಲ.

ಬೇರೆ ಬಗೆಯ ಯೋಜನೆ ಸಾಧ್ಯವೆಂಬುದಕ್ಕೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸಾಕ್ಷಿ. ಸುತ್ತಲಿನ ನಿವಾಸಿಗಳು ಪಾಲಿಕೆಯ ಜೊತೆ ಕೂತು ಅದನ್ನು ಉಳಿಸಿಕೊಂಡರು. ವಾಕಿಂಗ್ ಹಾದಿಯ ಜೊತೆಗೆ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳನ್ನೂ, ದನಗಳಿಗೆ ಹುಲ್ಲು ಕೊಯ್ಯುವವರನ್ನೂ ನೆನಪಿಟ್ಟುಕೊಂಡರು. ಅದರ ಹೆಚ್ಚುಗಾರಿಕೆ ಇರುವುದು ಇಲ್ಲೇ: ಮೊದಲಿನಿಂದಲೂ ಕೆರೆಯನ್ನು ನಂಬಿದ್ದವರನ್ನು ಅಭಿವೃದ್ಧಿಯ ಹೆಸರಲ್ಲಿ ಹೊರಗೆ ಹಾಕಲಿಲ್ಲ.

ಹಾಗಾಗಿ ಟೆಂಡರ್ ಕರೆಯುವ ಮೊದಲು ನಕ್ಷೆ ಮತ್ತು ಎಸ್ಟಿಮೇಟನ್ನು ಪಾರ್ಕಿನ ಗೇಟಿನಲ್ಲೇ ಕನ್ನಡದಲ್ಲಿ ಹಾಕಬೇಕು. ವಾರ್ಡ್ ಸಮಿತಿಯ ಸಭೆಯಲ್ಲಿ ತೋಟದ ಮಾಲಿಗೂ ಮಾತಾಡಲು ಅವಕಾಶ ಇರಬೇಕು. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮರ ಸೊರಗಿದೆ ಎಂಬುದು ಯಾವ ಕನ್ಸಲ್ಟೆಂಟ್‌ಗಿಂತಲೂ ಚೆನ್ನಾಗಿ ಆತನಿಗೆ ಗೊತ್ತು.