ಕೆಟ್ಟವರೇ ಇಲ್ಲದ ಸಿನಿಮಾ

ಕೊಲ್ಕತ್ತದಲ್ಲಿ ಇರುವ ಕನ್ನಡಿಗರನ್ನು ಊರಿನವರು ಕೇಳುವುದು ಸಾಮಾನ್ಯವಾಗಿ ಮೂರೇ ಪ್ರಶ್ನೆ. ಅಲ್ಲಿ ಮೀನಿನ ವಾಸನೆ ತಡೆಯೋಕಾಗುತ್ತಾ? ದುರ್ಗಾಪೂಜೆ ಹೇಗಿರುತ್ತೆ? ಸತ್ಯಜಿತ್ ರಾಯ್ ಸಿನಿಮಾ ಎಲ್ಲಾ ನೋಡಿದ್ಯಾ? ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಮಾತ್ರ ನಾನು ಕೊಡುವ ಉತ್ತರ ಕೇಳಿದವರಿಗೆ ಸಮಾಧಾನ ತರುವುದಿಲ್ಲ. ಯಾಕೆಂದರೆ ನಾನಿಲ್ಲಿ ಬಂಗಾಳಿಗಳ ಜೊತೆ ಕೂತು ಹೆಚ್ಚಾಗಿ ನೋಡಿದ್ದು ಬಂಗಾಳಿ ಸಿನಿಮಾಗಳನ್ನಲ್ಲ, ಮೂವತ್ತು ನಲವತ್ತರ ದಶಕದ ಹಾಲಿವುಡ್ ಸಿನಿಮಾಗಳನ್ನು. ಅದರಲ್ಲೂ ಹೆಸರು ಕೇಳಿದರೆ ಯಾರೂ ತಲೆಯಾಡಿಸದಂಥವನ್ನು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಈ ಊರಿಗೂ ಹಾಲಿವುಡ್‌ಗೂ ಹಳೆಯ ನಂಟು. ಚೌರಂಘಿಯ ಮೆಟ್ರೊ ಚಿತ್ರಮಂದಿರವನ್ನು 1935ರಲ್ಲಿ ಎಂ.ಜಿ.ಎಂ. ಕಂಪೆನಿಯೇ ಕಟ್ಟಿಸಿತ್ತು. ಲೈಟ್‌ಹೌಸ್, ನ್ಯೂ ಎಂಪೈರ್, ಎಲೀಟ್, ಗ್ಲೋಬ್ ಎಲ್ಲವೂ ಅಲ್ಲೇ ಕೂಗಳತೆಯಲ್ಲಿ ಇದ್ದವು. ಇಂದು ಲೈಟ್‌ಹೌಸ್ ಕಟ್ಟಡದೊಳಗೆ ಅಂಗಡಿಗಳಿವೆ, ಎಲೀಟ್ 2018ರಲ್ಲಿ ಬಾಗಿಲು ಹಾಕಿತು. ಆದರೆ ಆ ಕತ್ತಲಲ್ಲಿ ಕೂತು ಬೆಳೆದ ಹುಡುಗರಲ್ಲಿ ರಾಯ್ ಕೂಡ ಒಬ್ಬರು. 1992ರಲ್ಲಿ ಇದೇ ಊರಿನ ನರ್ಸಿಂಗ್ ಹೋಮಿನ ಹಾಸಿಗೆಯಿಂದಲೇ ಆಸ್ಕರ್ ಸ್ವೀಕರಿಸುತ್ತಾ ಅವರು, ಸಿನಿಮಾದ ಕಸುಬನ್ನು ತಾನು ಕಲಿತದ್ದು ಅಮೆರಿಕನ್ ಚಿತ್ರಗಳಿಂದ ಎಂದರು. ನಟಿ ಡಯಾನಾ ಡರ್ಬಿನ್‌ಗೆ ಬರೆದ ಕಾಗದಕ್ಕೆ ಉತ್ತರ ಬಂದಿತ್ತಂತೆ. ಬಿಲ್ಲಿ ವೈಲ್ಡರ್‌ಗೆ ಬರೆದ ಹನ್ನೆರಡು ಪುಟದ ಪತ್ರಕ್ಕೆ ಬರಲೇ ಇಲ್ಲವಂತೆ. 1947ರಲ್ಲಿ ಅವರೂ ಚಿದಾನಂದ ದಾಸ್‌ಗುಪ್ತರೂ ಗೆಳೆಯರೂ ಸೇರಿ ಕಲ್ಕತ್ತ ಫಿಲ್ಮ್ ಸೊಸೈಟಿ ಕಟ್ಟಿದರು. ಸಿನಿಮಾ ನೋಡುವುದಷ್ಟೇ ಅಲ್ಲ, ನೋಡಿದ ಮೇಲೆ ಜಗಳವಾಡುವುದೂ ಒಂದು ಕೆಲಸ ಎಂದು ಈ ಊರು ಒಪ್ಪಿಕೊಂಡದ್ದು ಆಗ. ನಮ್ಮಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುಮಾಡಿ ಅಡಿಕೆ ತೋಟದವರ ಮುಂದೆ ಲೋಕದ ಸಿನಿಮಾಗಳನ್ನಿಟ್ಟರಲ್ಲ, ಅದೂ ಇದೇ ಬಳ್ಳಿಯ ಇನ್ನೊಂದು ಕುಡಿ.

ನಮ್ಮ ಗುಂಪು ಸೊಸೈಟಿಯೇನಲ್ಲ. ದಕ್ಷಿಣ ಕೊಲ್ಕತ್ತದ ಒಂದು ಫ್ಲ್ಯಾಟಿನ ಮುಂಗೋಣೆ, ಏಳೆಂಟು ಜನ, ಶನಿವಾರ ಸಂಜೆ. ಮುಡಿ ಅಂದರೆ ಇಲ್ಲಿಯ ಮಂಡಕ್ಕಿ, ಸಾಸಿವೆ ಎಣ್ಣೆ ಹಾಕಿ ಕಲಸಿದ್ದು. ಕೆಂಪು ಚಹ. ಸಿನಿಮಾ ಒಂದೂವರೆ ತಾಸು, ಮಾತು ಮೂರು ತಾಸು. ಗುಂಪಿನಲ್ಲಿ ಹೆಚ್ಚಿನವರು ಅರವತ್ತೈದು ದಾಟಿದವರು. ಅವರಲ್ಲಿ ಐದು ಮನೆಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ವೈಟ್‌ಫೀಲ್ಡ್, ಮಾರತ್ತಹಳ್ಳಿ, ಸರ್ಜಾಪುರ ರಸ್ತೆಯ ಹೆಸರುಗಳು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. "ನಿಮ್ಮ ಊರು ನಮ್ಮ ಮಕ್ಕಳನ್ನ ತಗೊಂಡು ಬದಲಿಗೆ ನಿಮ್ಮನ್ನ ಕಳಿಸಿದೆ, ಲೆಕ್ಕ ಸರಿಹೋಗಲಿಲ್ಲ" ಎಂದು ಮನೆಯ ಯಜಮಾನರಾದ ದಾದಾ ನಗೆಯಾಡುತ್ತಾರೆ. ನನ್ನ ತಾಯಿ ಇರುವುದು ಶಿವಮೊಗ್ಗದಲ್ಲಿ, ಒಬ್ಬರೇ. ಇಷ್ಟು ಹೇಳದೆ ಮುಂದಿನ ಮಾತು ಅರ್ಥವಾಗುವುದಿಲ್ಲ.

ಲಿಯೊ ಮೆಕ್ಯಾರಿ ನಿರ್ದೇಶಿಸಿದ 'ಮೇಕ್ ವೇ ಫಾರ್ ಟುಮಾರೊ' 1937ರ ಚಿತ್ರ. ಕಥೆ ಎರಡು ಸಾಲಿನದು. ಐವತ್ತು ವರ್ಷ ಸಂಸಾರ ಮಾಡಿದ ಬಾರ್ಕ್ಲಿ ಮತ್ತು ಲೂಸಿ ಕೂಪರ್ ದಂಪತಿಯ ಮನೆಯನ್ನು ಸಾಲಕ್ಕಾಗಿ ಬ್ಯಾಂಕು ತೆಗೆದುಕೊಳ್ಳುತ್ತದೆ. ಐದು ಜನ ಮಕ್ಕಳಲ್ಲಿ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ. ಹೀಗಾಗಿ ತಾಯಿ ನ್ಯೂಯಾರ್ಕಿನಲ್ಲಿರುವ ಮಗನ ಮನೆಗೆ, ತಂದೆ ಮುನ್ನೂರು ಮೈಲಿ ಆಚೆಯ ಮಗಳ ಮನೆಗೆ. ಎಲ್ಲರೂ ಅಂದುಕೊಳ್ಳುವುದು ಮಾತ್ರ ಇದು ಸ್ವಲ್ಪ ದಿನದ ಏರ್ಪಾಡು ಅಂತ.

ಮೆಕ್ಯಾರಿ ಹಾಸ್ಯದ ಗರಡಿಯಲ್ಲಿ ಪಳಗಿದವನು. ಲಾರೆಲ್–ಹಾರ್ಡಿ ಜೋಡಿ ಕುದುರಿದ್ದರಲ್ಲಿ ಅವನ ಕೈ ಇತ್ತು. ಮಾರ್ಕ್ಸ್ ಸಹೋದರರ 'ಡಕ್ ಸೂಪ್' ಅವನದೇ. ಆ ಕಸುಬನ್ನೇ ಅವನು ಇಲ್ಲಿ ಅಳುವಿಗೆ ಹತ್ತಿರ ತರುತ್ತಾನೆ. ಮಗನ ಮನೆಯಲ್ಲಿ ಸೊಸೆ ನಾಲ್ಕು ಕಾಸಿಗಾಗಿ ಬ್ರಿಜ್ ಆಟದ ಪಾಠ ಹೇಳುತ್ತಾಳೆ. ಅತಿಥಿಗಳು ನೀಟಾಗಿ ಉಡುಪು ಧರಿಸಿ ಕೂತಿದ್ದಾರೆ. ಅತ್ತೆ ನಡುವೆ ತೂಗುಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಅದು ಕಿರ್ ಕಿರ್ ಅನ್ನುತ್ತದೆ. ನಾವೂ ನಗುತ್ತೇವೆ, ಸೊಸೆಯ ಪಾಡು ನೋಡಿ ಅಯ್ಯೋ ಅನ್ನಿಸುತ್ತದೆ. ಅಷ್ಟರಲ್ಲಿ ಗಂಡನ ಫೋನ್ ಬರುತ್ತದೆ. ಮುದುಕಿ ಗಟ್ಟಿಯಾಗಿ ಮಾತಾಡುತ್ತಾಳೆ. ಆಚೆ ಕಡೆಯ ದನಿ ನಮಗೆ ಕೇಳಿಸುವುದೇ ಇಲ್ಲ. ಬೆಚ್ಚಗಿರು, ಈ ಫೋನಿಗೆ ಸುರಿದ ದುಡ್ಡಲ್ಲಿ ಒಂದು ಒಳ್ಳೇ ಉಣ್ಣೆಯ ಮಫ್ಲರ್ ಬರ್ತಿತ್ತಲ್ಲ ಎನ್ನುವಂಥ ಮಾತು. ಇಸ್ಪೀಟು ಹಿಡಿದ ಕೈಗಳು ನಿಲ್ಲುತ್ತವೆ. ಮೊದಲು ಮುಜುಗರ, ಆಮೇಲೆ ಮೌನ. ಎರಡು ನಿಮಿಷದ ಹಿಂದೆ ನಾವು ಯಾಕೆ ನಕ್ಕೆವು ಎಂದು ನಮಗೇ ಒಂಥರಾ ಆಗುತ್ತದೆ. ಮೆಕ್ಯಾರಿ ಯಾರನ್ನೂ ಬೈಯುವುದಿಲ್ಲ. ನಗಿಸಿ, ನಗುವನ್ನು ನಮ್ಮ ಬಾಯಲ್ಲೇ ಬಿಟ್ಟುಬಿಡುತ್ತಾನೆ.

ಈ ದೃಶ್ಯ ಮುಗಿದಾಗ ನಮ್ಮ ಕೋಣೆಯಲ್ಲಿ ಒಬ್ಬ ಮಾಶಿಮಾ ಹೇಳಿದ್ದು: "ಸೊಸೆಯನ್ನ ಬೈಯೋಕೆ ನನ್ನಿಂದ ಆಗ್ತಿಲ್ಲ. ನಾನೇ ಅವಳಾಗಿದ್ದೆ." ಚಿತ್ರದ ತಿರುಳೇ ಇದು. ಇಲ್ಲಿ ಕೆಟ್ಟವರಿಲ್ಲ. ಮಗ ಜಾರ್ಜ್ ಒಳ್ಳೆಯವನು, ಸೊಸೆಗೆ ತನ್ನದೇ ಕಷ್ಟ, ಮೊಮ್ಮಗಳಿಗೆ ಗೆಳೆಯರನ್ನು ಮನೆಗೆ ಕರೆತರಲು ಜಾಗವಿಲ್ಲ. ಮುದುಕಿಯೂ ದೇವತೆಯಲ್ಲ, ಮೂಗು ತೂರಿಸುತ್ತಾಳೆ, ಮಾತು ಜಾಸ್ತಿ. ಮುದುಕ ಹಠಮಾರಿ. ಯಾರದೂ ತಪ್ಪಿಲ್ಲದೆ ಒಂದು ಘೋರ ನಡೆದುಹೋಗುತ್ತದೆ. ತನ್ನನ್ನು ವೃದ್ಧಾಶ್ರಮಕ್ಕೆ ಕಳಿಸಲಿರುವುದು ಒಂದು ಕಾಗದದಿಂದ ಲೂಸಿಗೆ ತಿಳಿದುಬಿಟ್ಟಿರುತ್ತದೆ. ಮಗ ಆ ಮಾತು ಎತ್ತಲಾರದೆ ತಡವರಿಸುವಾಗ, ನನಗೇ ಅಲ್ಲಿಗೆ ಹೋಗಬೇಕು ಅನ್ನಿಸಿದೆ ಎಂದು ಅವಳೇ ಮೊದಲು ಹೇಳಿ ಅವನನ್ನು ಪಾರುಮಾಡುತ್ತಾಳೆ; ನಿಮ್ಮಪ್ಪನಿಗೆ ಮಾತ್ರ ತಿಳಿಯಬಾರದು ಅನ್ನುತ್ತಾಳೆ. ತಾಯಿ ಮಗನಿಗಾಗಿ ಆಡುವ ಸುಳ್ಳನ್ನು ಇಷ್ಟು ಶಾಂತವಾಗಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ.

ಲೂಸಿಯಾಗಿ ಮಾಡಿದ ಬ್ಯೂಲಾ ಬಾಂಡಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ. ಮಗನಾಗಿ ನಟಿಸಿದ ಥಾಮಸ್ ಮಿಚೆಲ್‌ಗಿಂತ ಮೂರ್ನಾಲ್ಕು ವರ್ಷಕ್ಕಷ್ಟೇ ಹಿರಿಯಳು! ಹಾಲಿವುಡ್ ಅವಳನ್ನು ಖಾಯಂ ತಾಯಿ ಮಾಡಿಬಿಟ್ಟಿತು. ಜೇಮ್ಸ್ ಸ್ಟುವರ್ಟ್‌ಗೆ ನಾಲ್ಕು ಚಿತ್ರಗಳಲ್ಲಿ ಅಮ್ಮನಾದಳು. ನಮ್ಮ ಪಂಢರಿಬಾಯಿಯವರ ಹಾಗೆ ಅನ್ನಿ. 1945ರ 'ದ ಸದರ್ನರ್'ನಲ್ಲಿ ಅವಳು ಅಜ್ಜಿ. ಇದರ ನಿರ್ದೇಶಕ ಜ್ಯಾಂ ರೆನ್ವಾರ್, ಯುದ್ಧದ ಕಾಲದಲ್ಲಿ ಫ್ರಾನ್ಸ್ ಬಿಟ್ಟು ಅಮೆರಿಕ ಸೇರಿದವನು. ಟೆಕ್ಸಸ್ಸಿನ ಹತ್ತಿ ಹೊಲದ ಗೇಣಿದಾರನ ಕುಟುಂಬವೊಂದು ಪಾಳುಬಿದ್ದ ಮನೆಗೆ ಬಂದಾಗ, ಅಜ್ಜಿ ಒಳಗೆ ಕಾಲಿಡಲ್ಲ ಎಂದು ಮಳೆಯಲ್ಲೇ ಗಾಡಿಯ ಮೇಲೆ ಕೂತುಬಿಡುತ್ತಾಳೆ. ಮೊಮ್ಮಗಳ ಕೋಟಿಗಾಗಿ ತನ್ನ ಕಂಬಳಿ ಕತ್ತರಿಸಿದರೆಂದು ಗೊಣಗುತ್ತಾಳೆ. ಎರಡು ಚಿತ್ರಗಳನ್ನು ವಾರದ ಅಂತರದಲ್ಲಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಇಲ್ಲಿಯ ಅಜ್ಜಿ ಲೂಸಿಗಿಂತ ಎಷ್ಟೋ ಪಾಲು ಕಿರಿಕಿರಿಯ ಹೆಂಗಸು, ಮನೆಯವರು ಎಷ್ಟೋ ಪಾಲು ಬಡವರು. ಆದರೂ ಅವಳನ್ನು ಬಿಟ್ಟುಹೋಗುವ ಮಾತೇ ಅಲ್ಲಿ ಏಳುವುದಿಲ್ಲ. ಮಣ್ಣು ಕಸುಬಾಗಿರುವ ಮನೆಯಲ್ಲಿ ಮುದುಕರಿಗೆ ಒಂದು ಮೂಲೆ ತಾನಾಗಿಯೇ ಇರುತ್ತದೆ. ತಿಂಗಳ ಸಂಬಳದ ಫ್ಲ್ಯಾಟಿನಲ್ಲಿ ಮೂಲೆಯನ್ನು ಯಾರೋ ಲೆಕ್ಕಹಾಕಿ ಬಿಡಿಸಿಕೊಡಬೇಕು. ಪ್ರೀತಿ ಎರಡೂ ಕಡೆ ಇದೆ. ಜಾಗ ಒಂದೇ ಕಡೆ.

ರೆನ್ವಾರ್ 1949ರಲ್ಲಿ 'ದ ರಿವರ್' ಚಿತ್ರಕ್ಕೆ ಜಾಗ ಹುಡುಕಿಕೊಂಡು ಕಲ್ಕತ್ತಕ್ಕೇ ಬಂದ. ಜಾಹೀರಾತು ಕಂಪೆನಿಯ ನೌಕರನಾಗಿದ್ದ ತರುಣ ರಾಯ್ ಅವನ ಜೊತೆ ತಿರುಗಿದರು. ಹಾಲಿವುಡ್ಡಿನ ಗುಂಗನ್ನು ಕೊಡವಿಕೊಂಡರೆ ನೀವು ಇಲ್ಲಿ ದೊಡ್ಡ ಸಿನಿಮಾ ಮಾಡಬಲ್ಲಿರಿ ಎಂದು ರೆನ್ವಾರ್ ಹೇಳಿದ್ದನ್ನು ಇಲ್ಲಿಯ ಸಿನಿಮಾ ಮಂದಿ ಇಂದಿಗೂ ನೆನೆಯುತ್ತಾರೆ. ರಾಯ್ ಕೊಡವಿಕೊಂಡರು, ಕಸುಬನ್ನು ಮಾತ್ರ ಉಳಿಸಿಕೊಂಡರು. 'ಪಥೇರ್ ಪಾಂಚಾಲಿ'ಯ ಇಂದಿರ್ ಠಾಕ್ರುನ್, ಆ ಮನೆಯಿಂದ ಈ ಮನೆಗೆ ಚಾಪೆ ಹೊತ್ತು ಅಲೆಯುವ ಮುದುಕಿ, ಬಾಂಡಿಯ ಪಾತ್ರಗಳ ದೂರದ ಸಂಬಂಧಿಯಂತೆಯೇ ನನಗೆ ಕಾಣುತ್ತಾಳೆ. ಅಲ್ಲಿ ಮಣ್ಣಿನ ಮನೆಯಲ್ಲೂ ಜಾಗ ತಪ್ಪಿಹೋಗುತ್ತದೆ ಎಂಬುದು ರಾಯ್ ಸೇರಿಸಿದ ಕಹಿ.

ಮತ್ತೆ ಮೆಕ್ಯಾರಿಗೆ ಬರೋಣ. ತಂದೆಯನ್ನು ಕ್ಯಾಲಿಫೋರ್ನಿಯಾದ ಮಗಳ ಹತ್ತಿರ ಕಳಿಸುವುದೆಂದು ತೀರ್ಮಾನವಾಗುತ್ತದೆ. ರೈಲಿಗೆ ಮುಂಚೆ ದಂಪತಿಗೆ ನ್ಯೂಯಾರ್ಕಿನಲ್ಲಿ ಐದು ತಾಸು ಸಿಗುತ್ತದೆ. ಕಾರು ಮಾರುವವನೊಬ್ಬ ಇವರನ್ನು ಗಿರಾಕಿಗಳೆಂದುಕೊಂಡು ಸುತ್ತಾಡಿಸುತ್ತಾನೆ. ಮದುವೆಯಾದ ಹೊಸತರಲ್ಲಿ ತಂಗಿದ್ದ ಹೋಟೆಲಿಗೆ ಹೋಗುತ್ತಾರೆ, ಮ್ಯಾನೇಜರ್ ಆದರಿಸುತ್ತಾನೆ. ಕುಣಿಯಲು ಎದ್ದಾಗ ವಾದ್ಯದವರು ಹೊಸ ಚಾಲಿನ ಸಂಗೀತ ನುಡಿಸತೊಡಗುತ್ತಾರೆ, ಇವರು ಪೆಚ್ಚಾಗಿ ನಿಲ್ಲುತ್ತಾರೆ. ಅದನ್ನು ಕಂಡ ವಾದ್ಯಗಾರರ ಮುಖ್ಯಸ್ಥ ತಕ್ಷಣ ಹಳೆಯ ವಾಲ್ಟ್ಸ್‌ಗೆ ತಿರುಗಿಸುತ್ತಾನೆ.

ದಾದಾ ಇದನ್ನು ಒಪ್ಪಲಿಲ್ಲ. "ಇದು ಹಾಲಿವುಡ್ ಸುಳ್ಳು. ಹೆತ್ತ ಮಕ್ಕಳಿಗಿಲ್ಲದ ಕರುಣೆ ಕಾರು ಮಾರೋನಿಗೆ ಎಲ್ಲಿಂದ ಬರುತ್ತೆ?" ಎಂದರು. ಗುಂಪು ಎರಡಾಯಿತು. ನನ್ನ ವಾದ ಇದು: ಇಲ್ಲಿ ಸುಳ್ಳಿಲ್ಲ, ಚಿತ್ರದ ಅತ್ಯಂತ ಕಟು ಸತ್ಯವೇ ಇಲ್ಲಿದೆ. ಕಾರಿನವನು ಕೊಡಬೇಕಾದ್ದು ಅರ್ಧ ತಾಸು, ಹೋಟೆಲಿನವನು ಒಂದು ಸಂಜೆ. ಮಗ ಕೊಡಬೇಕಾದ್ದು ದಿನಾ, ವರ್ಷಗಟ್ಟಲೆ. ಪರರ ತಂದೆತಾಯಿಗೆ ಒಳ್ಳೆಯವರಾಗುವುದು ಸುಲಭ. ಈ ದಾದಾಗೆ ರಕ್ತಪರೀಕ್ಷೆಯ ವರದಿ ತಂದುಕೊಡುವವನು ನಾನು. ನನ್ನ ತಾಯಿಗೆ ಗ್ಯಾಸ್ ಸಿಲಿಂಡರ್ ಬದಲಾಯಿಸಿಕೊಡುವುದು ಶಿವಮೊಗ್ಗದ ಪಕ್ಕದ ಮನೆ ಹುಡುಗ. ದಾದಾನ ಮಗ ಬೆಂಗಳೂರಲ್ಲಿ ಯಾವ ಅಜ್ಜನಿಗೆ ಮೊಬೈಲ್ ಕಲಿಸಿಕೊಡುತ್ತಿದ್ದಾನೋ. ಊರು ಬಿಟ್ಟವರ ಲೋಕ ನಡೆಯುತ್ತಿರುವುದೇ ಈ ಕೈಬದಲು ಕರುಣೆಯಿಂದ. ಮೆಕ್ಯಾರಿ ಅದನ್ನು 1937ರಲ್ಲೇ ಕಂಡಿದ್ದ, ಅದನ್ನು ಹೊಗಳಲೂ ಇಲ್ಲ, ಹೀಯಾಳಿಸಲೂ ಇಲ್ಲ. ದಾದಾ ಒಪ್ಪಿದರೋ ಇಲ್ಲವೋ, ಚಹ ಮಾತ್ರ ಇನ್ನೊಂದು ಸುತ್ತು ಬಂತು.

ನಮ್ಮಲ್ಲೂ ಇಂಥ ಕಥೆಗಳಿಗೆ ಬರವಿಲ್ಲ. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ನೋಡದ ನಮ್ಮ ಹಿರಿಯರು ಕಡಿಮೆ. ಪಂತುಲು, ಎಂ.ವಿ. ರಾಜಮ್ಮ ಜೋಡಿಯ ಇಳಿವಯಸ್ಸಿನ ಸಂಕಟ ಕಂಡು ಟೆಂಟುಗಳೆಲ್ಲ ಅತ್ತಿದ್ದವು. ಆದರೆ ಅಲ್ಲಿ ಕೊನೆಗೆ ಹಳೆಯ ಶಿಷ್ಯ, ಪೊಲೀಸ್ ಅಧಿಕಾರಿಯಾದ ಶಿವಾಜಿ ಗಣೇಶನ್, ಬಂದು ಮೇಷ್ಟ್ರನ್ನು ಕೈಹಿಡಿಯುತ್ತಾನೆ. 2003ರ ಹಿಂದಿಯ 'ಬಾಗ್‌ಬಾನ್'ನಲ್ಲಿ ದಂಪತಿಯನ್ನು ಅಗಲಿಸಿದ ಮಕ್ಕಳಿಗೆ ತಕ್ಕ ಶಾಸ್ತಿ, ಸಾಕುಮಗನಿಂದ ರಕ್ಷೆ. ಎರಡರಲ್ಲೂ ನೋಡುಗ ಹಗುರಾಗಿ ಮನೆಗೆ ಹೋಗುತ್ತಾನೆ: ಮಕ್ಕಳು ನೀಚರು, ನಾನು ಅಂಥವನಲ್ಲ. 'ಸ್ಕೂಲ್ ಮಾಸ್ಟರ್' ಬಗ್ಗೆ ನನಗಿರುವ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಗುರುಭಕ್ತಿಯ ಆ ಮುಕ್ತಾಯ ಮಕ್ಕಳ ಪ್ರಶ್ನೆಗೆ ಉತ್ತರವಲ್ಲ, ಪ್ರಶ್ನೆಯನ್ನು ಬೇರೊಬ್ಬರ ಹೆಗಲಿಗೆ ದಾಟಿಸುವ ಉಪಾಯ. ಓಝುವಿನ 'ಟೋಕಿಯೊ ಸ್ಟೋರಿ' (1953) ಹಾಗೆ ದಾಟಿಸುವುದಿಲ್ಲ. ಅದರ ಸಹಲೇಖಕ ಕೋಗೊ ನೋಡಾಗೆ ಮೆಕ್ಯಾರಿಯ ಚಿತ್ರವೇ ಪ್ರೇರಣೆ ಎನ್ನುತ್ತಾರೆ.

ಪ್ಯಾರಾಮೌಂಟ್ ಕಂಪೆನಿಯ ಮುಖ್ಯಸ್ಥ ಅಡಾಲ್ಫ್ ಝೂಕರ್ ಕೊನೆಯನ್ನು ಸುಖಾಂತ ಮಾಡು ಎಂದು ಕೇಳಿದ, ಮೆಕ್ಯಾರಿ ಮಾಡಲಿಲ್ಲ. ಚಿತ್ರ ಓಡಲಿಲ್ಲ, ಕಂಪೆನಿ ಅವನನ್ನು ಬಿಟ್ಟಿತು. ಅದೇ ವರ್ಷ ಬೇರೆ ಕಡೆ ಮಾಡಿದ ಹಾಸ್ಯಚಿತ್ರ 'ದಿ ಆಫುಲ್ ಟ್ರೂತ್'ಗೆ ಆಸ್ಕರ್ ಬಂದಾಗ, ನೀವು ತಪ್ಪು ಸಿನಿಮಾಕ್ಕೆ ಕೊಟ್ಟಿದ್ದೀರಿ ಎಂದನಂತೆ. 2010ರಲ್ಲಿ ಡಿವಿಡಿಯಾಗಿ ಬರುವ ತನಕ ಇದು ಸಿಗುವುದೇ ಕಷ್ಟವಾಗಿತ್ತು.

ಆ ಕೊನೆ ಹೀಗಿದೆ. ರೈಲ್ವೆ ನಿಲ್ದಾಣಕ್ಕೆ ಬೀಳ್ಕೊಡಲು ಮಕ್ಕಳು ಬರುವುದಿಲ್ಲ. ಹೋಗದಿದ್ದರೆ ನಮ್ಮನ್ನು ಕೆಟ್ಟವರು ಅಂದುಕೊಳ್ಳುತ್ತಾರೆ ಎನ್ನುವ ತಂಗಿಗೆ, ಅಲ್ಲವೇನು ನಾವು ಎಂದು ಜಾರ್ಜ್ ಕೇಳುತ್ತಾನೆ. ಅಪ್ಪ ಅಮ್ಮ ಇಬ್ಬರೇ ಇರಲಿ ಎಂದೇ ಅವನು ಹೊತ್ತು ಕಳೆದಿರುತ್ತಾನೆ. ಕೆಟ್ಟವರು ಯಾರು ಎಂಬ ಪ್ರಶ್ನೆಯನ್ನು ಇಡೀ ಚಿತ್ರದಲ್ಲಿ ಎತ್ತುವವನು ಅವನೊಬ್ಬನೇ, ಅದೂ ತನ್ನ ಬಗ್ಗೆಯೇ. ನಿಲ್ದಾಣದಲ್ಲಿ ಬಾರ್ಕ್ಲಿ ಹೆಂಡತಿಯನ್ನು ಅವಳ ತವರಿನ ಹೆಸರಿನಿಂದ ಕರೆದು, ಒಂದು ವೇಳೆ ಮತ್ತೆ ಕಾಣದೇ ಹೋದರೆ ಅಂತ, ನಿಮ್ಮ ಪರಿಚಯವಾದದ್ದು ಬಹಳ ಸಂತೋಷ ಎನ್ನುತ್ತಾನೆ. ರೈಲು ಹೊರಡುತ್ತದೆ. ಲೂಸಿ ನೋಡುತ್ತಾ ನಿಂತು, ಆಮೇಲೆ ಪಕ್ಕಕ್ಕೆ ತಿರುಗುತ್ತಾಳೆ. ಅಷ್ಟೇ.

ನೋಡುವುದಾದರೆ ಮಕ್ಕಳ ಜೊತೆ ನೋಡಿ ಎಂದು ನಾನು ಹೇಳಲಾರೆ, ತಂದೆತಾಯಿಯ ಜೊತೆ ನೋಡಿ ಎಂದೂ ಹೇಳಲಾರೆ, ಎರಡೂ ಕಷ್ಟ. ಸ್ವಲ್ಪ ಪರಿಚಯದ, ಪೂರ್ತಿ ನಮ್ಮವರಲ್ಲದ ಜನರ ಜೊತೆ ನೋಡುವುದು ವಾಸಿ. ಅಂಥವರ ಮುಂದೆ ಅತ್ತರೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.