ಕೊಂಡಿಯ ಮೇಲಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದ ನವನಗರದ ಮಗ್ಗುಲಿಗಿರುವ ಅಮರಗೋಳದ ಎಪಿಎಂಸಿಗೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹೇರಿಕೊಂಡು ಬರುವ ಟ್ರ್ಯಾಕ್ಟರುಗಳ ಬಗ್ಗೆ ಜನ ವಿಚಾರಿಸುವುದು ಎಂಜಿನ್ನಿನ ಕುದುರೆಶಕ್ತಿಯನ್ನೇ ಆದರೂ, ಎಳೆತದ ಮಿತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಹಿಂದಿನ ಗಾಲಿಗಳಿಗೆ ನೆಲದ ಮೇಲಿರುವ ಹಿಡಿತ. ಎರಡು ಟನ್ನಿನ ಟ್ರ್ಯಾಕ್ಟರು, ಸರಕು ಸೇರಿ ಎಂಟು ಟನ್ ತೂಗುವ ನಾಲ್ಕು ಗಾಲಿಯ ಟ್ರೇಲರನ್ನು ಎಳೆಯುತ್ತಿದೆ ಎಂದಿಟ್ಟುಕೊಳ್ಳಬಹುದು. ಡಾಂಬರಿನ ಮೇಲೆ ಉರುಳು ತಡೆ, ಅಂದರೆ ಉರುಳುವ ಗಾಲಿಗೆ ನೆಲ ಒಡ್ಡುವ ಅಡ್ಡಿ, ಭಾರದ ಸುಮಾರು ಶೇ. 2, ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ದಾರಿ ಅದಕ್ಕೆ ಶೇ. 4 ಸೇರಿಸುತ್ತದೆ. ಕೊಂಡಿಯ ಮೇಲೆ ಬೀಳುವ ಎಳೆತ ಹೀಗೆ 4.7 ಕಿಲೋನ್ಯೂಟನ್, ಅಂದರೆ ಸುಮಾರು 480 ಕಿಲೋ ಭಾರಕ್ಕೆ ಸಮ. ಟ್ರ್ಯಾಕ್ಟರು ತನ್ನ ಮೈಯನ್ನೂ ಏರಿಸಬೇಕಾದ್ದರಿಂದ ಒಟ್ಟು 5.9 ಕಿಲೋನ್ಯೂಟನ್. ಹಿಂದಿನ ಗಾಲಿಗಳ ಮೇಲೆ 1,300 ಕಿಲೋ ಇದ್ದು, ಒಣ ಡಾಂಬರು ಆ ಭಾರದ ಶೇ. 70ರಷ್ಟು ಹಿಡಿತ ಕೊಟ್ಟರೆ 8.9 ಕಿಲೋನ್ಯೂಟನ್ ದೊರೆಯುತ್ತದೆ, ಬಂಡಿ ಏರುತ್ತದೆ. ನವಲಗುಂದದ ಕಡೆಯ ಹಸಿ ಎರೆಮಣ್ಣಿನಲ್ಲಿ ಹಿಡಿತ ಶೇ. 30ಕ್ಕೆ ಕುಸಿದು, ಉರುಳು ತಡೆ ಶೇ. 10ಕ್ಕೇರಿದರೆ, ಸಮನೆಲದಲ್ಲೂ ಗಾಲಿ ಸುತ್ತುತ್ತದೆಯೇ ಹೊರತು ಬಂಡಿ ಕದಲದು.

ಎರಡು ಗಾಲಿಯ ಟ್ರೇಲರಿನಲ್ಲಿ ಹೇರುವ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಆರು ಟನ್ ಭಾರದ ಕೇಂದ್ರ ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಿದ್ದು, ಅಚ್ಚಿನಿಂದ ಕೊಂಡಿಗೆ ನಾಲ್ಕು ಮೀಟರ್ ಇದ್ದರೆ, ಸುಮಾರು 450 ಕಿಲೋ ಕೊಂಡಿಯ ಮೇಲೆ ಕುಳಿತು ಟ್ರ್ಯಾಕ್ಟರಿನ ಹಿಡಿತವನ್ನು ಹೆಚ್ಚಿಸುತ್ತದೆ. ಅಷ್ಟೇ ಹಿಂದಕ್ಕೆ ಸರಿದರೆ, ಹಿಂಭಾರವಾದ ಚಕ್ಕಡಿ ಎತ್ತುಗಳ ಕೊರಳನ್ನು ಮೇಲಕ್ಕೆತ್ತುವ ಹಾಗೆ, ಅದೇ ಬಲ ಹಿಂದಿನ ಗಾಲಿಗಳನ್ನು ನೆಲದಿಂದ ಎತ್ತಲು ನೋಡುತ್ತದೆ. ಚೀಲ ಹೇರುವ ಹಮಾಲರ ಕಣ್ಣಳತೆಗೆ ಈ ಕಾರಣದಿಂದ ಬಹಳ ಬೆಲೆಯಿದೆ.

ನಿಲ್ಲಿಸುವ ಲೆಕ್ಕ ಎಳೆಯುವ ಲೆಕ್ಕಕ್ಕಿಂತ ಕಠಿಣವಾದದ್ದು, ಮತ್ತು ಅದನ್ನು ಮಾಡುವವರು ವಿರಳ. ಮೊದಲು ಹೇಳಿದ ನಾಲ್ಕು ಗಾಲಿಯ ಟ್ರೇಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ, ಹತ್ತು ಟನ್ನನ್ನೂ ತಡೆಯಬೇಕಾದದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ಅದೇ 8.9 ಕಿಲೋನ್ಯೂಟನ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ, ಬ್ರೇಕು ಹಿಡಿದ ಮೇಲೆ ಬರಿಯ ಟ್ರ್ಯಾಕ್ಟರು ಐದೂವರೆ ಮೀಟರಿನಲ್ಲಿ ನಿಲ್ಲುವುದಾದರೆ, ಟ್ರೇಲರಿನೊಂದಿಗೆ ಅದಕ್ಕೆ 27 ಮೀಟರ್ ಬೇಕು. ಧಾರವಾಡದ ಎತ್ತರದಿಂದ ಹುಬ್ಬಳ್ಳಿಯತ್ತ ಇಳಿಯುವ ಪಿ.ಬಿ. ರಸ್ತೆಯಲ್ಲಿ ಇಳಿಜಾರು ಶೇ. 4 ಇರುವಲ್ಲಿ, ಉರುಳು ತಡೆಯನ್ನು ಬದಿಗಿಟ್ಟರೆ, 48 ಮೀಟರ್. ತಿರುವಿನಲ್ಲಾದರೆ ಹಿಂದಿನಿಂದ ನೂಕುವ ಎಂಟು ಟನ್ ಕೊಂಡಿಯನ್ನು ಪಕ್ಕಕ್ಕೆ ತಳ್ಳಿ, ಟ್ರ್ಯಾಕ್ಟರು ಮಡಚಿದ ಚಾಕುವಿನಂತೆ ಟ್ರೇಲರಿನತ್ತ ತಿರುಗಿಬಿಡಬಹುದು. ಟ್ರೇಲರಿನ ಗಾಲಿಗಳಿಗೂ ಬ್ರೇಕಿದ್ದರೆ ಅದರ ಭಾರವನ್ನು ಅದೇ ತಡೆದುಕೊಳ್ಳುತ್ತದೆ, ಕೊಂಡಿಗೆ ಬರುವ ನೂಕು ತಗ್ಗುತ್ತದೆ. ಆದ್ದರಿಂದ ಹೊಸ ಟ್ರೇಲರು ಕೊಳ್ಳುವ ರೈತರು ಅದರ ಅಗಲ ಉದ್ದಗಳಿಗಿಂತ ಮೊದಲು ಬ್ರೇಕನ್ನು ನೋಡಬೇಕು.